ಬ್ಯಾಕಪ್ ಇದೆ, ಕ್ಯಾಟಲಾಗಿನಲ್ಲಿ ದಾಖಲೆ ಇಲ್ಲ: ಬಾಕ್ಯುಲಾದಿಂದ ಫೈಲ್ ವಾಪಸ್ ಪಡೆಯುವ ಬಗೆ

ಆಷಾಢದಲ್ಲಿ ಮದುವೆ ಕಾರ್ಡಿನ ಕೆಲಸ ಇರುವುದಿಲ್ಲ. ಮೈಸೂರಿನ ಡಿಟಿಪಿ ಅಂಗಡಿಗಳು ಆಗ ಪುಸ್ತಕದ ಕೆಲಸಕ್ಕೆ ಕೈ ಹಾಕುತ್ತವೆ. 2025ರ ಜುಲೈನಲ್ಲಿ ಶಿವರಾಂಪೇಟೆಯ ಅಂಥ ಒಂದು ಅಂಗಡಿಯಿಂದ ಸಂಜೆ ನಾಲ್ಕಕ್ಕೆ ನನಗೆ ಫೋನ್ ಬಂತು. ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಊರೂರು ತಿರುಗಿ ಸೋಬಾನೆ ಪದಗಳನ್ನು ಬರೆದುಕೊಂಡಿದ್ದರು. ಹಿಂದಿನ ವರ್ಷ ಅದನ್ನು ಇಲ್ಲೇ ಪುಸ್ತಕ ಮಾಡಿಸಿದ್ದರು. ಈಗ ಎರಡನೇ ಮುದ್ರಣ ಆಗಬೇಕು. ಪುಸ್ತಕದ ಪೇಜ್‌ಮೇಕರ್ ಫೈಲ್‌ಗಳನ್ನು ಅಂಗಡಿಯವರು ಜಾಗ ಸಾಲದೆ ಅಳಿಸಿಬಿಟ್ಟಿದ್ದರು. ಬ್ಯಾಕಪ್ ಇದೆಯಲ್ಲ ಎನ್ನುವ ಧೈರ್ಯ.

ಬ್ಯಾಕಪ್ ಇತ್ತು. 2024ರ ಸೆಪ್ಟೆಂಬರ್ 29, ದಸರಾಕ್ಕೆ ಮುಂಚಿನ ಭಾನುವಾರ ಪೂರ್ತಿ ಬ್ಯಾಕಪ್ ಆಗಿತ್ತು. ಆದರೆ ರಿಸ್ಟೋರ್ ಮಾಡಲು, ಅಂದರೆ ಫೈಲ್ ವಾಪಸ್ ಇಳಿಸಲು ಹೋದರೆ, ಅಂಗಡಿಯ ಬ್ಯಾಕಪ್ ತಂತ್ರಾಂಶವಾದ ಬಾಕ್ಯುಲಾ ನಾವು ಕೊಟ್ಟ ತಾರೀಖಿಗೆ ಮುಂಚಿನ ಫುಲ್ ಬ್ಯಾಕಪ್ ಯಾವುದೂ ಸಿಗಲಿಲ್ಲ ಎನ್ನುತ್ತಿತ್ತು.

"ಏನಪ್ಪಾ, ಮೇಷ್ಟ್ರ ಪುಸ್ತಕ ಹೋಯ್ತಾ ಹಂಗಾರೆ?" ಅಂತ ಅಂಗಡಿ ಯಜಮಾನರು ಕೇಳಿದರು.

"ಪಟ್ಟಿ ಮಾತ್ರ ಹೋಗಿರೋ ಹಾಗಿದೆ ಅಣ್ಣ. ಸಾಮಾನು ಅಲ್ಲೇ ಇರಬೇಕು. ನಾನು ಬರೋವರೆಗೂ ಯಾರೂ ಸರ್ವರ್ ಮುಟ್ಟಬೇಡಿ."

ಆ ಸಂಜೆ ಮಾಡಿದ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಬಾಕ್ಯುಲಾದಿಂದ ಕವಲೊಡೆದ ಬರಿಯೋಸ್‌ನಲ್ಲೂ ಇವೇ ಹೆಸರಿನ ಉಪಕರಣಗಳಿವೆ, ಕೆಲಸದ ರೀತಿಯೂ ಹೆಚ್ಚು ಕಡಿಮೆ ಇದೇ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೂರು ಗಡುವುಗಳ ಕಥೆ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೋಡಿದ್ದೀರಲ್ವಾ? ಕಟ್ಟುಗಳು ರ್‍ಯಾಕಿನ ಮೇಲೆ ಇರುತ್ತವೆ. ಯಾವ ಕಡತ ಯಾವ ಕಟ್ಟಿನಲ್ಲಿದೆ ಅಂತ ಒಂದು ಇಂಡೆಕ್ಸ್ ಪುಸ್ತಕ ಹೇಳುತ್ತದೆ. ಆ ಪುಸ್ತಕದ ಹಾಳೆ ಹರಿದುಹೋದರೆ ಗುಮಾಸ್ತರು "ಕಡತ ಇಲ್ಲ" ಅನ್ನುತ್ತಾರೆ. ಕಟ್ಟು ಮಾತ್ರ ರ್‍ಯಾಕಿನಲ್ಲೇ ಇರುತ್ತದೆ.

ಬಾಕ್ಯುಲಾದಲ್ಲಿ ಇಂಡೆಕ್ಸ್ ಅಂದರೆ ಕ್ಯಾಟಲಾಗ್. ಅದು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಇರುತ್ತದೆ. ಕಟ್ಟು ಅಂದರೆ ವಾಲ್ಯೂಮ್, ಡಿಸ್ಕಿನ ಒಂದು ದೊಡ್ಡ ಫೈಲ್ ಅಥವಾ ಒಂದು ಟೇಪ್. ಕ್ಯಾಟಲಾಗ್ ಬೆಳೆಯುತ್ತಾ ಹೋಗಬಾರದು ಅಂತ ಹಳೆಯ ದಾಖಲೆಗಳನ್ನು ಬಾಕ್ಯುಲಾ ತಾನೇ ಸವರಿಹಾಕುತ್ತದೆ. ಇದಕ್ಕೆ ಪ್ರೂನ್ ಅಂತಾರೆ. ನೀವು ಏನೂ ಬದಲಾಯಿಸದಿದ್ದರೆ ಫೈಲ್ ದಾಖಲೆಗೆ 60 ದಿನ, ಜಾಬ್ (ಒಂದು ಸಲದ ಬ್ಯಾಕಪ್ ಕೆಲಸ) ದಾಖಲೆಗೆ 180 ದಿನ, ವಾಲ್ಯೂಮಿಗೆ 365 ದಿನದ ಗಡುವು.

ತೊಂದರೆ ಇರುವುದು ಇಲ್ಲೇ. ವಾಲ್ಯೂಮ್ ಒಂದು ವರ್ಷ ಇರುತ್ತದೆ ಅಂತ ಓದಿ ನೆಮ್ಮದಿಯಾಗಿರುತ್ತೇವೆ. ಎರಡು ತಿಂಗಳಿಗೇ ಫೈಲ್‌ಗಳ ಹೆಸರು ಹೋಗಿರುತ್ತದೆ. ಆರು ತಿಂಗಳಿಗೆ ಆ ಬ್ಯಾಕಪ್ ನಡೆದಿತ್ತು ಎನ್ನುವ ದಾಖಲೆಯೂ ಹೋಗುತ್ತದೆ. ಜಾಬ್ ದಾಖಲೆ ಒಂದೂ ಉಳಿಯದ ವಾಲ್ಯೂಮ್ "ಪರ್ಜ್ಡ್" ಎಂದು ಗುರುತಾಗಿ ಮರುಬಳಕೆಯ ಸಾಲಿಗೆ ಸೇರಬಹುದು. ಪರ್ಜ್ಡ್ ಅಂದ ತಕ್ಷಣ ಒಳಗಿನ ಡೇಟಾ ಅಳಿಸಿಹೋಗಿರುವುದಿಲ್ಲ. ಬಾಕ್ಯುಲಾಗೆ ಹೊಸ ಜಾಗ ಬೇಕಾಗಿ, ಅದೇ ವಾಲ್ಯೂಮಿನ ಮೇಲೆ ಬರೆದಾಗಲೇ ಅದು ನಿಜವಾಗಿ ಹೋಗುವುದು.

ಅಂಗಡಿಯ ವಾಲ್ಯೂಮ್ ಪರ್ಜ್ಡ್ ಆಗಿತ್ತು. ರಾತ್ರಿ 11ಕ್ಕೆ ಅವತ್ತಿನ ಬ್ಯಾಕಪ್ ಶುರುವಾಗುವುದಿತ್ತು. ಅದಕ್ಕೇ ಯಾರೂ ಮುಟ್ಟಬೇಡಿ ಅಂದದ್ದು.

ಮೊದಲು ವಾಲ್ಯೂಮ್ ಉಳಿಸಿ

ಹುಡುಕುವ ಕೆಲಸಕ್ಕೆ ಮುಂಚೆ ಇದು ಆಗಲೇಬೇಕು. ಬಾಕ್ಯುಲಾಗೆ ಕಮಾಂಡ್ ಕೊಡುವ ಬಿಕನ್ಸೋಲ್ ತೆರೆದು ಆ ರಾತ್ರಿಯ ಜಾಬ್‌ಗಳನ್ನು ಡಿಸೇಬಲ್ ಮಾಡಿ. ಅಪ್‌ಡೇಟ್ ವಾಲ್ಯೂಮ್ ಕಮಾಂಡಿನಿಂದ ವಾಲ್ಯೂಮಿನ ಸ್ಥಿತಿಯನ್ನು "ರೀಡ್-ಓನ್ಲಿ" ಮಾಡಿ. ಕ್ಲೈಂಟ್ (ಬ್ಯಾಕಪ್ ಆಗುವ ಯಂತ್ರ) ಮತ್ತು ಪೂಲ್ (ವಾಲ್ಯೂಮ್‌ಗಳ ಗುಂಪು) ಎರಡು ಕಡೆಯ ಸೆಟ್ಟಿಂಗಿನಲ್ಲೂ ಆಟೋಪ್ರೂನ್ "ನೋ" ಮಾಡಿ ರೀಲೋಡ್ ಕೊಡಿ. ಟೇಪ್ ಆದರೆ ಹೊರಗೆ ತೆಗೆದು ರೈಟ್-ಪ್ರೊಟೆಕ್ಟ್ ಗುಂಡಿಯನ್ನು ಸರಿಸಿ.

ಡಿಸ್ಕ್ ವಾಲ್ಯೂಮ್ ಆದರೆ ಅದನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಎರಡಕ್ಕೂ ಚೆಕ್‌ಸಮ್ ತೆಗೆದು ಹೋಲಿಸಿ. ಗಂಟೆಗಟ್ಟಲೆ ಆಗಬಹುದು, ಆಗಲಿ. ಆ ಕಾಪಿ ಪಕ್ಕದಲ್ಲಿದ್ದರೆ ಮುಂದಿನ ಹೆಜ್ಜೆಯಲ್ಲಿ ಕೈ ತಪ್ಪಿದರೂ ಮತ್ತೆ ಶುರು ಮಾಡಬಹುದು.

ಕಾಪಿ ಮಾಡುವಾಗಲೇ ಫೈಲಿನ ಗಾತ್ರವನ್ನೂ ನೋಡಿಕೊಳ್ಳಿ. ಪೂಲ್ ಸೆಟ್ಟಿಂಗಿನಲ್ಲಿ "ಆಕ್ಷನ್ ಆನ್ ಪರ್ಜ್ = ಟ್ರಂಕೇಟ್" ಅಂತ ಇದ್ದು, ಟ್ರಂಕೇಟ್ ಕೆಲಸವೂ ನಡೆದಿದ್ದರೆ ವಾಲ್ಯೂಮಿನಲ್ಲಿ ಲೇಬಲ್ ಮಾತ್ರ ಉಳಿದಿರುತ್ತದೆ. ನೂರಾರು ಜಿಬಿ ಇರಬೇಕಾದ ಫೈಲ್ ನೂರಾರು ಬೈಟ್ ತೋರಿಸಿದರೆ ಈ ದಾರಿ ಅಲ್ಲಿಗೆ ಮುಗಿಯಿತು, ಬೇರೆ ವಾಲ್ಯೂಮ್ ಹುಡುಕಿ. ನಮ್ಮದು ಪೂರ್ತಿ ಗಾತ್ರದಲ್ಲೇ ಇತ್ತು. ಆಗ ಯಜಮಾನರಿಗೆ ಕಾಫಿ ತರಿಸಿ ಅಂದೆ. ಅಲ್ಲಿಯವರೆಗೆ ನನಗೂ ಗಂಟಲು ಒಣಗಿತ್ತು.

ಈ ಹಂತದಲ್ಲಿ ಪರ್ಜ್, ಡಿಲೀಟ್ ವಾಲ್ಯೂಮ್, ರೀಲೇಬಲ್ ಕಮಾಂಡ್‌ಗಳ ಹತ್ತಿರ ಹೋಗಬೇಡಿ. ಡಿಬಿಚೆಕ್ ಕೂಡ ಬೇಡ. ಅದು ವಾರಸುದಾರರಿಲ್ಲದ ದಾಖಲೆಗಳನ್ನು ತೆಗೆದುಹಾಕುವ ಉಪಕರಣ. ಏನು ಉಳಿದಿದೆ ಅಂತ ಗೊತ್ತಾಗುವ ಮುಂಚೆ ಕ್ಯಾಟಲಾಗ್ ಗುಡಿಸುವುದು ಒಳ್ಳೆಯದಲ್ಲ.

ಯಾವ ದಾಖಲೆ ಹೋಗಿದೆ?

"ಕ್ಯಾಟಲಾಗಿನಲ್ಲಿ ಇಲ್ಲ" ಎನ್ನುವ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಅಡಗಿವೆ. ಔಷಧಿಯೂ ಬೇರೆ ಬೇರೆ. ಲಿಸ್ಟ್ ಜಾಬ್ಸ್, ಲಿಸ್ಟ್ ವಾಲ್ಯೂಮ್ಸ್ ಎರಡನ್ನು ಓಡಿಸಿದರೆ ಯಾವುದು ಅಂತ ತಿಳಿಯುತ್ತದೆ.

ಜಾಬ್ ಪಟ್ಟಿಯಲ್ಲಿದೆ, ಆದರೆ ಫೈಲ್ ಆರಿಸುವ ಮರ ತೆರೆಯುತ್ತಿಲ್ಲ ಅಂದುಕೊಳ್ಳಿ. ರಿಟೆನ್ಷನ್ (ಗಡುವಿನ) ನಿಯಮದಿಂದ ಫೈಲ್ ದಾಖಲೆಗಳು ಪ್ರೂನ್ ಆಗಿರಬಹುದು, ಎಲ್ಲಾ ಫೈಲ್‌ಗಳನ್ನೂ ರಿಸ್ಟೋರ್ ಮಾಡಲೇ ಅಂತ ಬಾಕ್ಯುಲಾ ಕೇಳುತ್ತದೆ. ಜನ ಗಾಬರಿಯಿಂದ "ನೋ" ಒತ್ತುವುದು ಇಲ್ಲೇ. ಹಾಗೆ ಮಾಡಬೇಡಿ. ಖಾಲಿ ಜಾಗ ಇರುವ ಬೇರೆ ಫೋಲ್ಡರ್ ತೋರಿಸಿ "ಯೆಸ್" ಕೊಡಿ. ಇಡೀ ಜಾಬ್ ಇಳಿಯುತ್ತದೆ, ಬೇಕಾದ್ದನ್ನು ಎತ್ತಿಕೊಂಡು ಉಳಿದದ್ದನ್ನು ಅಳಿಸಬಹುದು. ಹೊಸ ಆವೃತ್ತಿಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಕೊಟ್ಟು ಹೆಸರು ಹೊಂದುವ ಫೈಲ್‌ಗಳನ್ನಷ್ಟೇ ಇಳಿಸುವ ಅವಕಾಶವೂ ಇದೆ. ಇಷ್ಟಕ್ಕೆ ಬೇರೆ ಉಪಕರಣ ಬೇಕಿಲ್ಲ.

ಜಾಬ್ ಹೋಗಿದೆ, ವಾಲ್ಯೂಮಿನ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ ಎನ್ನುವುದು ಎರಡನೆಯದು. ನಮ್ಮದು ಇದೇ. ವಾಲ್ಯೂಮಿನ ಹೆಸರೂ ಇಲ್ಲದಿರುವುದು ಮೂರನೆಯದು. ಡೇಟಾಬೇಸೇ ಹೋಗಿರುವುದು ನಾಲ್ಕನೆಯದು.

ವಾಲ್ಯೂಮನ್ನೇ ಕೇಳಿ: ಬಿಎಲ್‌ಎಸ್

ಇಂಡೆಕ್ಸ್ ಇಲ್ಲದಿದ್ದರೆ ಕಟ್ಟು ಬಿಚ್ಚಿ ನೋಡಬೇಕು. ಆ ಕೆಲಸ ಮಾಡುವುದು ಬಿಎಲ್‌ಎಸ್. ಇದು ಓದುತ್ತದೆ ಅಷ್ಟೇ, ಏನನ್ನೂ ಬರೆಯುವುದಿಲ್ಲ. ಹಾಗಾಗಿ ಧೈರ್ಯವಾಗಿ ಓಡಿಸಬಹುದು. ಹೈಫನ್ ಸಿ ಆಯ್ಕೆಯಲ್ಲಿ, ವಾಲ್ಯೂಮ್ ಓದಿ ಬರೆಯುವ ಸ್ಟೋರೇಜ್ ಡೀಮನ್ನಿನ ಕಾನ್ಫಿಗರೇಷನ್ ಫೈಲ್ ಕೊಡಿ, ಹೈಫನ್ ಜೆ ಹಾಕಿ, ಕೊನೆಗೆ ವಾಲ್ಯೂಮಿನ ಪೂರ್ತಿ ಪಾತ್ ಬರೆಯಿರಿ. ಡಿವೈಸ್ ಸಿಗಲಿಲ್ಲ ಎನ್ನುವ ತಪ್ಪು ಬಂದರೆ ವಾಲ್ಯೂಮ್ ಕೆಟ್ಟಿದೆ ಅಂತ ತಿಳಿಯಬೇಡಿ. ನೀವು ಕೊಟ್ಟ ಫೋಲ್ಡರ್ ಆ ಕಾನ್ಫಿಗರೇಷನ್ನಿನಲ್ಲಿ ಡಿವೈಸ್ ಆಗಿ ಇರಲೇಬೇಕು. ಕಾಪಿ ಇಟ್ಟ ಡಿಸ್ಕಿನ ಮೇಲೆ ಓಡಿಸುವುದಾದರೆ ಅದಕ್ಕೂ ಒಂದು ಡಿವೈಸ್ ನಮೂದು ಸೇರಿಸಿ. ಓದುವ ಅನುಮತಿ ಇಲ್ಲದಿದ್ದರೂ ಇಂಥದೇ ತಪ್ಪು ಬರುತ್ತದೆ, ರೂಟ್ ಆಗಿ ಓಡಿಸಿ ನೋಡಿ. ಟೇಪ್ ಡ್ರೈವ್ ಆದರೆ ಮೊದಲು ಸ್ಟೋರೇಜ್ ಡೀಮನ್ ನಿಲ್ಲಿಸಬೇಕು.

ಪ್ರತಿ ಜಾಬಿಗೂ ಒಂದು ಶುರುವಿನ ಸಾಲು, ಒಂದು ಮುಗಿದ ಸಾಲು ಕಾಣಿಸುತ್ತವೆ. ಅವನ್ನು ಅವಸರವಿಲ್ಲದೆ ಓದಿ. ಶುರುವಿನ ಸಾಲಿನಲ್ಲಿ ಸೆಸ್‌ಐಡಿ, ಸೆಸ್‌ಟೈಮ್, ಹಳೆಯ ಜಾಬ್ ಐಡಿ, ಜಾಬಿನ ಹೆಸರು, ತಾರೀಖು, ಲೆವೆಲ್ ಇರುತ್ತವೆ. ಲೆವೆಲ್ ಎಫ್ ಅಂದರೆ ಫುಲ್, ಐ ಅಂದರೆ ಇನ್‌ಕ್ರಿಮೆಂಟಲ್. ಮುಗಿದ ಸಾಲಿನಲ್ಲಿ ಫೈಲ್‌ಗಳ ಸಂಖ್ಯೆ, ಬೈಟ್, ಎರರ್, ಸ್ಟೇಟಸ್. ಸ್ಟೇಟಸ್ ಟಿ ಇದ್ದರೆ ಜಾಬ್ ಸರಿಯಾಗಿ ಮುಗಿದಿದೆ. ಶುರು ಇದ್ದು ಮುಗಿದ ಸಾಲೇ ಇಲ್ಲದಿದ್ದರೆ ಜಾಬ್ ಮುಂದಿನ ವಾಲ್ಯೂಮಿಗೆ ಹೋಗಿರಬಹುದು, ಅದನ್ನೂ ಹುಡುಕಿ. ಮಧ್ಯದಲ್ಲಿ ಕರೆಂಟ್ ಹೋಗಿ ಜಾಬ್ ನಿಂತಿದ್ದರೂ ಹೀಗೇ ಕಾಣುತ್ತದೆ.

ಅಂಗಡಿಯ ವಾಲ್ಯೂಮಿನಲ್ಲಿ ಸೆಪ್ಟೆಂಬರ್ 29ರ ಸಾಲು ಸಿಕ್ಕಿತು. ಲೆವೆಲ್ ಎಫ್, ಸ್ಟೇಟಸ್ ಟಿ, ಸೆಸ್‌ಐಡಿ 41, ಸೆಸ್‌ಟೈಮ್ 1723005412. ಆ ಕೊನೆಯ ಸಂಖ್ಯೆಯನ್ನು ತಾರೀಖಿಗೆ ಬದಲಾಯಿಸಿದರೆ 2024ರ ಆಗಸ್ಟ್ 7, ಬೆಳಿಗ್ಗೆ 10 ಗಂಟೆ 6 ನಿಮಿಷ ಬರುತ್ತದೆ. ಸೆಪ್ಟೆಂಬರ್ ಜಾಬಿಗೆ ಆಗಸ್ಟಿನ ಹೊತ್ತು ಯಾಕೆ ಅಂತ ಗಲಿಬಿಲಿ ಆಗುವುದು ಸಹಜ. ಸೆಸ್‌ಟೈಮ್ ಎಂದರೆ ಜಾಬ್ ನಡೆದ ಹೊತ್ತಲ್ಲ, ಸ್ಟೋರೇಜ್ ಡೀಮನ್ ಎದ್ದ ಹೊತ್ತು. ಅದು ಎದ್ದ ಮೇಲೆ ನಡೆದ ಎಷ್ಟನೇ ಸೆಷನ್ ಅಂತ ಸೆಸ್‌ಐಡಿ ಹೇಳುತ್ತದೆ. ಎರಡೂ ಸೇರಿದರೇ ಆ ಜಾಬಿನ ಗುರುತು. ಒಂದನ್ನು ಮಾತ್ರ ಬರೆದುಕೊಂಡರೆ ಬೇರೆ ಯಾವುದೋ ಜಾಬ್ ಕೈಗೆ ಬರುತ್ತದೆ.

ಹೈಫನ್ ಜೆ ತೆಗೆದು ಬಿಎಲ್‌ಎಸ್ ಓಡಿಸಿದರೆ ಒಳಗಿನ ಎಲ್ಲಾ ಫೈಲ್‌ಗಳ ಹೆಸರು, ಗಾತ್ರ, ತಾರೀಖು ಉದುರುತ್ತವೆ. ಗ್ರೆಪ್ ಹಾಕಿ ಪಿಎಂಡಿ ಎನ್ನುವ ಕೊನೆ ಇರುವ ಹೆಸರುಗಳನ್ನು ಸೋಸಿದೆವು. ಮೇಷ್ಟ್ರ ಊರಿನ ಹೆಸರಿನ ಫೋಲ್ಡರ್, ಅದರೊಳಗೆ ಹನ್ನೊಂದು ಅಧ್ಯಾಯ. ಪರದೆಯಲ್ಲಿ ಅವು ಒಂದೊಂದಾಗಿ ಬಂದಾಗ ಯಜಮಾನರು ಎದ್ದು ನಿಂತು ಎಣಿಸಿದರು.

ತೆಗೆಯಲು ಯಾವ ದಾರಿ?

ಹುಡುಕಿದ ಕೂಡಲೇ ಬಹಳ ಜನ ಕ್ಯಾಟಲಾಗ್ ದಾಖಲೆಗಳನ್ನು ಮತ್ತೆ ಬರೆಯುವ ಬಿಸ್ಕ್ಯಾನ್‌ಗೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಗೆ ಹಿಡಿಯಬೇಕಾದ ದಾರಿ. ಅದಕ್ಕಿಂತ ಚಿಕ್ಕ ದಾರಿಗಳು ಎರಡಿವೆ.

ಮೊದಲನೆಯದು ಬಿಎಕ್ಸ್‌ಟ್ರಾಕ್ಟ್. ಬೇಕಾದ ಫೈಲ್‌ಗಳ ಪಾತ್‌ಗಳನ್ನು ಒಂದು ಪಟ್ಟಿಯಲ್ಲಿ ಬರೆದು ಹೈಫನ್ ಐ ಆಯ್ಕೆಯಲ್ಲಿ ಕೊಟ್ಟರೆ ವಾಲ್ಯೂಮಿನಿಂದ ನೇರವಾಗಿ ಕಿತ್ತು ಕೊಡುತ್ತದೆ. ಕ್ಯಾಟಲಾಗ್ ಬೇಡ, ಜಾಬ್‌ಗಳನ್ನು ನಡೆಸುವ ಡೈರೆಕ್ಟರ್ ಬೇಡ. ಲಿನಕ್ಸ್ ಯಂತ್ರದ ಬ್ಯಾಕಪ್ ಆದರೆ ಇದೇ ಸಾಕು. ಆದರೆ ಎನ್‌ಕ್ರಿಪ್ಟ್ ಆದ ಫೈಲ್‌ಗಳನ್ನು ಇದು ಬಿಡಿಸುವುದಿಲ್ಲ, ಎಸಿಎಲ್ ಅನುಮತಿಗಳನ್ನು ವಾಪಸ್ ಹಾಕುವುದಿಲ್ಲ, ವಿಂಡೋಸ್ ಯಂತ್ರದಿಂದ ಪೋರ್ಟಬಲ್ ಅಲ್ಲದ ರೂಪದಲ್ಲಿ ತೆಗೆದ ಬ್ಯಾಕಪ್ಪಿಗೂ ಆಗಿಬರುವುದಿಲ್ಲ. ಅಂಗಡಿಯ ಯಂತ್ರಗಳೆಲ್ಲ ವಿಂಡೋಸ್. ಹಾಗಾಗಿ ಇದನ್ನು ಬಿಟ್ಟೆವು.

ಎರಡನೆಯದು ಕೈಯಲ್ಲಿ ಬರೆದ ಬೂಟ್‌ಸ್ಟ್ರ್ಯಾಪ್ ಫೈಲ್. ಇದನ್ನು ಬಹಳ ಜನ ಮರೆಯುತ್ತಾರೆ. ಯಾವ ವಾಲ್ಯೂಮಿನ ಯಾವ ಸೆಷನ್ ಓದಬೇಕು ಅಂತ ಸ್ಟೋರೇಜ್ ಡೀಮನ್ನಿಗೆ ಹೇಳುವ ಚೀಟಿ ಅದು. ಮಾಮೂಲಿ ರಿಸ್ಟೋರಿನಲ್ಲಿ ಕ್ಯಾಟಲಾಗ್ ನೋಡಿ ಬಾಕ್ಯುಲಾ ತಾನೇ ಈ ಚೀಟಿ ಬರೆದುಕೊಳ್ಳುತ್ತದೆ. ನಮ್ಮ ಹತ್ತಿರ ಕ್ಯಾಟಲಾಗ್ ದಾಖಲೆ ಇಲ್ಲ, ಆದರೆ ಚೀಟಿಗೆ ಬೇಕಾದ್ದನ್ನು ಬಿಎಲ್‌ಎಸ್ ಹೇಳಿಬಿಟ್ಟಿದೆ. ನಾಲ್ಕೇ ಸಾಲು: ವಾಲ್ಯೂಮಿನ ಹೆಸರು, ಮೀಡಿಯಾ ಟೈಪ್, ವಾಲ್‌ಸೆಷನ್‌ಐಡಿ 41, ವಾಲ್‌ಸೆಷನ್‌ಟೈಮ್ 1723005412. ಮೀಡಿಯಾ ಟೈಪ್ ಕಾನ್ಫಿಗರೇಷನ್ನಿನಲ್ಲಿ ಇರುವ ಹಾಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಈ ಫೈಲನ್ನು ಡೈರೆಕ್ಟರ್ ಓದಬಲ್ಲ ಜಾಗದಲ್ಲಿಡಿ. ಬಿಕನ್ಸೋಲಿನಲ್ಲಿ ರಿಸ್ಟೋರ್ ಕಮಾಂಡ್ ಬೇಡ, ರನ್ ಕಮಾಂಡ್ ಕೊಟ್ಟು ರಿಸ್ಟೋರ್ ಜಾಬನ್ನು ಆರಿಸಿ. "ಮಾಡ್" ಒತ್ತಿ ಬೂಟ್‌ಸ್ಟ್ರ್ಯಾಪ್ ಪಾತ್ ಬದಲಾಯಿಸಿ, ಕ್ಲೈಂಟ್ ಸರಿಯಾಗಿದೆಯೇ ನೋಡಿ, "ವೇರ್" ಜಾಗದಲ್ಲಿ ಹೊಸ ಖಾಲಿ ಫೋಲ್ಡರ್ ಕೊಡಿ. ಮೂಲ ಜಾಗಕ್ಕೆ ನೇರವಾಗಿ ಇಳಿಸಬೇಡಿ, ಒಂಬತ್ತು ತಿಂಗಳ ಹಿಂದಿನ ಫೈಲ್ ಇವತ್ತಿನ ಫೈಲಿನ ಮೇಲೆ ಕೂತುಬಿಡಬಹುದು. ಡೇಟಾ ಅಂಗಡಿಯ ವಿಂಡೋಸ್ ಕ್ಲೈಂಟಿನ ಮೂಲಕವೇ ಇಳಿಯುವುದರಿಂದ ಬಿಎಕ್ಸ್‌ಟ್ರಾಕ್ಟಿನ ತೊಂದರೆ ಇಲ್ಲಿಲ್ಲ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ಪನ್ನೂ ಕೀ ಇರುವ ಕ್ಲೈಂಟ್ ಬಿಡಿಸುತ್ತದೆ. ಕೀ ಕಳೆದಿದ್ದರೆ ಮಾತ್ರ, ಕ್ಯಾಟಲಾಗ್ ಪೂರ್ತಿ ಸರಿಯಿದ್ದರೂ ಪ್ರಯೋಜನವಿಲ್ಲ.

ಒಂದು ಷರತ್ತು ಇದೆ: ವಾಲ್ಯೂಮಿನ ಹೆಸರು ಕ್ಯಾಟಲಾಗಿನಲ್ಲಿ ಇನ್ನೂ ಇರಬೇಕು. ಅದೂ ಇಲ್ಲದ ಮೂರನೇ ಕಾಯಿಲೆಗೆ ಬಿಸ್ಕ್ಯಾನ್ ಬೇಕು. ಫುಲ್ ಮತ್ತು ಅದರ ಮೇಲಿನ ಹತ್ತಾರು ಇನ್‌ಕ್ರಿಮೆಂಟಲ್ ಸೇರಿಸಿ, ಮರದಲ್ಲಿ ಫೈಲ್ ಆರಿಸಬೇಕು ಅಂದರೂ ಬಿಸ್ಕ್ಯಾನೇ.

ಬಿಸ್ಕ್ಯಾನ್ ಓಡಿಸುವಾಗ

ಬಿಸ್ಕ್ಯಾನ್ ವಾಲ್ಯೂಮನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕ್ಯಾಟಲಾಗ್ ದಾಖಲೆಗಳನ್ನು ಮತ್ತೆ ಬರೆಯುತ್ತದೆ. ಡೇಟಾಬೇಸಿಗೆ ಬರೆಯುತ್ತದಾದ್ದರಿಂದ ಮೊದಲು ಡೇಟಾಬೇಸಿನ ಡಂಪ್ ತೆಗೆದಿಡಿ. ಮೊದಲ ಸಲ ಹೈಫನ್ ಎಸ್ ಇಲ್ಲದೆ ಓಡಿಸಿ. ಆಗ ಅದು ಓದಿ ವರದಿ ಕೊಡುತ್ತದೆ, ಬರೆಯುವುದಿಲ್ಲ. ವರದಿ ಸರಿಯೆನಿಸಿದರೆ ಹೈಫನ್ ಎಸ್, ಹೈಫನ್ ಎಂ ಎರಡನ್ನೂ ಹಾಕಿ ಮತ್ತೆ ಓಡಿಸಿ. ಎಸ್ ದಾಖಲೆ ಬರೆಯಲು, ಎಂ ವಾಲ್ಯೂಮಿನ ವಿವರ ಸರಿಪಡಿಸಲು.

ಜಾಬ್ ಎರಡು ಮೂರು ವಾಲ್ಯೂಮ್‌ಗಳಲ್ಲಿ ಹಂಚಿಹೋಗಿದ್ದರೆ ಎಲ್ಲವನ್ನೂ ಬರೆದ ಕ್ರಮದಲ್ಲೇ, ನಡುವೆ ನಿಲುಗೀಟು ಹಾಕಿ, ಒಂದೇ ಸಲಕ್ಕೆ ಕೊಡಿ. ಶೆಲ್ ಆ ಗೀಟನ್ನು ಪೈಪ್ ಅಂತ ತಿಳಿಯದಿರಲು ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಜಾಬಿಗೆ ಹಳೆಯ ಐಡಿ ವಾಪಸ್ ಬರುವುದಿಲ್ಲ, ಹೊಸ ಐಡಿ ಸಿಗುತ್ತದೆ. ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಸಿಗಲಿಲ್ಲ ಅಂತಲೇ ಅನ್ನಿಸುತ್ತದೆ.

ಜಾಸ್ತಿ ಜನ ಎಡವುವುದು ಆಮೇಲೆ. ರಾತ್ರಿಯೆಲ್ಲಾ ಬಿಸ್ಕ್ಯಾನ್ ಓಡಿ ದಾಖಲೆಗಳು ಬಂದಿರುತ್ತವೆ. ಬೆಳಿಗ್ಗೆ ಯಾವುದೋ ಒಂದು ಜಾಬ್ ಮುಗಿಯುತ್ತದೆ, ಆಟೋಪ್ರೂನ್ ಎದ್ದು ನೋಡುತ್ತದೆ. ಜಾಬಿನ ತಾರೀಖು ಒಂಬತ್ತು ತಿಂಗಳ ಹಿಂದಿನದು, ಗಡುವು ಯಾವತ್ತೋ ಮೀರಿದೆ. ಬಂದ ದಾಖಲೆಗಳನ್ನೆಲ್ಲ ಮತ್ತೆ ಸವರಿಹಾಕುತ್ತದೆ. ಮೊದಲೇ ಆಟೋಪ್ರೂನ್ ನಿಲ್ಲಿಸಿ ಅಂದದ್ದು ಇದಕ್ಕೂ ಸೇರಿಯೇ. ರಿಸ್ಟೋರ್ ಮುಗಿಯುವವರೆಗೆ ಅದನ್ನು ಆನ್ ಮಾಡಬೇಡಿ.

ಇಡೀ ಡೇಟಾಬೇಸ್ ಹೋಗಿದ್ದರೆ ಎಲ್ಲಾ ವಾಲ್ಯೂಮ್‌ಗಳನ್ನು ಸ್ಕ್ಯಾನ್ ಮಾಡಲು ಕೂರಬೇಡಿ. ಬಾಕ್ಯುಲಾದ ಮಾಮೂಲಿ ಕಾನ್ಫಿಗರೇಷನ್ನಿನಲ್ಲಿ ಬ್ಯಾಕಪ್‌ಕ್ಯಾಟಲಾಗ್ ಎನ್ನುವ ಜಾಬ್ ಇರುತ್ತದೆ. ಅದು ಕ್ಯಾಟಲಾಗಿನ ಎಸ್‌ಕ್ಯುಎಲ್ ಡಂಪನ್ನೇ ಬ್ಯಾಕಪ್ ಮಾಡುತ್ತದೆ. ಬಿಎಲ್‌ಎಸ್‌ನಿಂದ ಕೊನೆಯ ಅಂಥ ಜಾಬ್ ಹುಡುಕಿ, ಬಿಎಕ್ಸ್‌ಟ್ರಾಕ್ಟಿನಿಂದ ಆ ಒಂದು ಫೈಲ್ ತೆಗೆದು, ಹೊಸ ಡೇಟಾಬೇಸಿಗೆ ತುಂಬಿ. ಅದಾದ ಮೇಲಿನ ಜಾಬ್‌ಗಳಿಗೆ ಮಾತ್ರ ಬಿಸ್ಕ್ಯಾನ್.

ಇಳಿದದ್ದು ಸರಿಯಿದೆಯೇ?

ಇಳಿದ ಫೈಲ್‌ಗಳ ಸಂಖ್ಯೆಯನ್ನು ಬಿಎಲ್‌ಎಸ್ ತೋರಿಸಿದ ಮುಗಿದ ಸಾಲಿನ ಸಂಖ್ಯೆಗೆ ಹೋಲಿಸಿ. ನಮ್ಮಲ್ಲಿ ತಾಳೆಯಾಯಿತು. ಆಮೇಲೆ ಫೈಲ್ ತೆರೆದು ನೋಡಲೇಬೇಕು.

ಮೊದಲ ಅಧ್ಯಾಯ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಒತ್ತು ಚಿಹ್ನೆಗಳ ಗುಂಪು. ಅಂಗಡಿಯ ಹುಡುಗಿ "ಸಾರ್, ಫೈಲ್ ಕೆಟ್ಟೋಗಿದೆ" ಅಂದಳು. ಕೆಟ್ಟಿರಲಿಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದೇ 2001ರಲ್ಲಿ. ಹಾಗಾಗಿ ಅದರಲ್ಲಿ ಕನ್ನಡವನ್ನು ನುಡಿಯ ಹಳೆಯ ಫಾಂಟ್‌ಗಳಲ್ಲಿ ಕೂಡಿಸುತ್ತಾರೆ. ಅವುಗಳಲ್ಲಿ ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳು ಕೂತಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಲ್ಯಾಟಿನ್ನೇ ಕಾಣುತ್ತದೆ. ನಾವು ತೆರೆದದ್ದು ಹೊಸ ಕಂಪ್ಯೂಟರಿನಲ್ಲಿ. ಅದೇ ಬ್ಯಾಕಪ್ಪಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್ ತೆಗೆದು ಹಾಕಿ ಮತ್ತೆ ತೆರೆದೆವು. ಸೋಬಾನೆ ಪದಗಳು ಇದ್ದ ಹಾಗೇ ಬಂದವು, ಒಂದು ಪ್ರಾಸವೂ ಸಾಲು ಬಿಟ್ಟು ಸರಿದಿರಲಿಲ್ಲ. ನಿಮ್ಮಲ್ಲೂ ಹಳೆಯ ಕನ್ನಡ ಫೈಲ್ ಇಳಿಸಿದಾಗ ಹೀಗೆ ಕಂಡರೆ ಮೊದಲು ಫಾಂಟ್ ನೋಡಿ, ಬ್ಯಾಕಪ್ಪನ್ನು ಆಮೇಲೆ ಅನುಮಾನಿಸಿ.

ಗಡುವು ಸರಿ ಮಾಡುವುದು

ವಾಲ್ಯೂಮ್ ಎಷ್ಟು ಕಾಲ ಇಡುತ್ತೀರೋ ಫೈಲ್ ದಾಖಲೆ ಮತ್ತು ಜಾಬ್ ದಾಖಲೆಯನ್ನೂ ಅಷ್ಟೇ ಕಾಲ ಇಡಿ. ಡೇಟಾಬೇಸ್ ಊದಿಕೊಳ್ಳುತ್ತದೆ ಎನ್ನುವ ಭಯ ದೊಡ್ಡ ಕಂಪನಿಗಳಿಗೆ ಇರಬಹುದು. ಲಕ್ಷ ಫೈಲ್ ಇರುವ ಅಂಗಡಿಗೆ ಒಂದು ಫುಲ್ ಬ್ಯಾಕಪ್ಪಿನ ದಾಖಲೆಗಳು ಕೆಲವು ಹತ್ತು ಎಂಬಿ ಹಿಡಿಯುತ್ತವೆ ಅಷ್ಟೇ. ಪೂಲಿನಲ್ಲೂ ಫೈಲ್, ಜಾಬ್ ಗಡುವು ಬರೆದಿದ್ದರೆ ಕ್ಲೈಂಟಿನಲ್ಲಿ ಬರೆದದ್ದನ್ನು ಅದು ಮೀರುತ್ತದೆ, ಎರಡು ಕಡೆಯೂ ನೋಡಿ.

ಕಾನ್ಫಿಗರೇಷನ್ ಬದಲಾಯಿಸಿ ರೀಲೋಡ್ ಕೊಟ್ಟರೆ ಹೊಸ ವಾಲ್ಯೂಮಿಗೆ ಮಾತ್ರ ಹೊಸ ಗಡುವು ಸಿಗುತ್ತದೆ. ಈಗಾಗಲೇ ಇರುವ ವಾಲ್ಯೂಮ್‌ಗಳು ಹಳೆಯ ಗಡುವನ್ನೇ ಹೊತ್ತಿರುತ್ತವೆ. ಅಪ್‌ಡೇಟ್ ಕಮಾಂಡಿನಲ್ಲಿ ಮೊದಲು ಪೂಲ್, ಆಮೇಲೆ ಪೂಲಿನಿಂದ ಎಲ್ಲಾ ವಾಲ್ಯೂಮ್‌ಗಳು ಎನ್ನುವ ಆಯ್ಕೆ ಓಡಿಸಬೇಕು. ಓಡಿಸಿದ ಮೇಲೆ ಲಿಸ್ಟ್ ವಾಲ್ಯೂಮ್ಸ್ ಕೊಟ್ಟು ವಾಲ್‌ರಿಟೆನ್ಷನ್ ಕಾಲಂ ನೋಡಿ. ಅದು ಸೆಕೆಂಡಿನಲ್ಲಿ ಇರುತ್ತದೆ. 31,536,000 ಅಂತಿದ್ದರೆ ಇನ್ನೂ 365 ದಿನವೇ. ಅಂಗಡಿಯಲ್ಲಿ ಐದು ವರ್ಷ ಇಟ್ಟೆವು. ಅವತ್ತು ರಾತ್ರಿ ಬಾಗಿಲು ಹಾಕುವ ಮುಂಚೆ ಆ ಕಾಲಂ ಪೂರ್ತಿ 157,680,000 ತೋರಿಸುತ್ತಿತ್ತು. ಮೇಷ್ಟ್ರ ವಾಲ್ಯೂಮ್ ಮಾತ್ರ ರೀಡ್-ಓನ್ಲಿ ಆಗಿಯೇ ಉಳಿದಿದೆ.